ಆರನೇ ಪಿರಿಯಡ್, ಐಚ್ಛಿಕ

ಎಂಟು ಮಂದಿ ಸೇರದಿದ್ದರೆ ಕ್ಲಾಸಿಲ್ಲ.
ನಿಯಮ ನನ್ನದಲ್ಲ. ನಾನು ಕಚೇರಿಯ ಗುಮಾಸ್ತೆ,
ಹಾಳೆ ಹಂಚುವವಳು, ಹಾಳೆ ಒಟ್ಟುಮಾಡುವವಳು.
ಒಂದಕ್ಕೆ ಮಾತ್ರ ಗುರುತು ಹಾಕಿ, ಎಂದು ಮೇಲೆ ಅಚ್ಚು:
ವೆಲ್ಡಿಂಗ್. ಗಾಯನವೃಂದ. ದನಗಳ ಆರೈಕೆ.
ಕೊನೆಗೆ, ಜಾಗ ಸಾಲದೆ ಸಣ್ಣಕ್ಷರದಲ್ಲಿ,
ಕಂಪ್ಯೂಟರ್ ವಿಜ್ಞಾನ, ಭಾಗ ಒಂದು.

ನಾರ್ತ್ ಡಕೋಟದ ಈ ಊರಲ್ಲಿ
ಎತ್ತರ ಅಂತಿರುವುದು ಎರಡೇ: ಗೋಧಿಯ ಕಣಜ, ನೀರಿನ ಟ್ಯಾಂಕು.
ಉಳಿದದ್ದನ್ನೆಲ್ಲ ಗಾಳಿ ಇಸ್ತ್ರಿ ಮಾಡಿಟ್ಟಿದೆ.
ವೆಲ್ಡಿಂಗಿಗೆ ಇಪ್ಪತ್ತೆರಡು ಮಕ್ಕಳು ಮುಗಿಬಿದ್ದರು.
ಬೆಂಕಿ ಕಣ್ಣಿಗೆ ಕಾಣುತ್ತದಲ್ಲ.

ಲೋರ್ನಾ ಬ್ರೂಫ್ಲಾಟ್‌ಗೆ ಅರವತ್ತೊಂದು.
ಅದೇ ಕೋಣೆಯಲ್ಲಿ ಟೈಪ್‌ರೈಟಿಂಗ್ ಕಲಿಸಿದವಳು,
ಬೆರಳು ನೋಡಬೇಡಿ, ಬೆರಳು ನೋಡಬೇಡಿ ಎಂದು ಗದರುತ್ತ.
ಯಂತ್ರಗಳು ಹೋದವು. ಅವುಗಳ ನಾಲ್ಕು ಕಾಲಿನ ತಗ್ಗು
ಇನ್ನೂ ಇದೆ ಮೇಜಿನ ಮೇಲೆ, ಲ್ಯಾಪ್‌ಟಾಪುಗಳ ಕೆಳಗೆ.
ಎರಡು ಬೇಸಿಗೆ ಫಾರ್ಗೋಗೆ ಹೋಗಿ
ಮೊಮ್ಮಕ್ಕಳ ವಯಸ್ಸಿನವರ ಪಕ್ಕ ಕೂತು
ಪೈಥಾನ್ ಕಲಿತು ಬಂದಳು. ಪೆಟ್ರೋಲಿಗೆ ಅವಳದೇ ದುಡ್ಡು.
"ಕಚ್ಚುವುದಿಲ್ಲ," ಎಂದಳು ನನಗೆ,
"ಸಾಲಿನ ಮುಂದೆ ಜಾಗ ಬಿಡದಿದ್ದರೆ ಬುಸುಗುಟ್ಟುತ್ತದೆ, ಅಷ್ಟೇ."

ಊಟದ ಹೊತ್ತಲ್ಲಿ ಮೇಜಿಂದ ಮೇಜಿಗೆ ಹೋಗಿ ಕೇಳಿಕೊಂಡಳು.
ಒಬ್ಬಳು ಬಂದಳು, ಆ ಕೋಣೆಯ ಹೀಟರ್ ಚೆನ್ನಾಗಿದೆಯೆಂದು.
ಅವಳಿ ಹುಡುಗರು ಬಂದರು, ಗಾಯನವೃಂದ ಕೈಮುಗಿದು ಕಳಿಸಿದ ಮೇಲೆ.
ಒಬ್ಬ ಅದನ್ನು ವಿಡಿಯೊ ಗೇಮ್ ಅಂದುಕೊಂಡ. ಅವಳು ತಿದ್ದಲಿಲ್ಲ.

ಏಪ್ರಿಲ್ ಕೊನೆಯ ಶುಕ್ರವಾರ ಪಟ್ಟಿ ಬಂತು.
ಪ್ರಿನ್ಸಿಪಾಲ್ ಕುಪ್ಕಾ ನಿಂತಲ್ಲೇ ಕೊನೆಯ ಸಾಲು ನೋಡಿದರು:
ಏಳು, ಮಾರೆನ್ ಸ್ಟೆನರ್ಸನ್.
"ಏಳೇ. ಪಾಪ," ಎಂದರು. ಪಾಪ ಅನ್ನುವ ಹೊತ್ತಿಗೆ
ಕೆಂಪು ಗೀಟು ಎಳೆದಾಗಿತ್ತು.

ನಾನೂ ನಂಬಿದೆ. ಇಪ್ಪತ್ತು ವರ್ಷ ಪಟ್ಟಿ ಬರೆದ ಕೈ;
ಕೊನೆಯ ಸಂಖ್ಯೆಯೇ ಒಟ್ಟು, ಇನ್ನೇನು.

ಬಸ್ಸಿನ ಲೆಕ್ಕದ ಪುಸ್ತಕ ಕೊಡಲು ಬಂದ ಹುಡುಗ
ಬಾಗಿಲಲ್ಲಿ ಕೆಮ್ಮಿದ. ಲೀಲ್ಯಾಂಡ್ ಬೆಲ್‌ಗಾರ್ಡ್.
ಬೀಜಗಣಿತದಲ್ಲಿ ಎರಡು ಸಲ ಸೊನ್ನೆ ಸುತ್ತಿದವನು,
ಅವನ ಫೈಲು ನನಗೆ ಬಾಯಿಪಾಠ.
"ಮೇಲಿಂದ ಓದಿ," ಎಂದ.
ಮೇಲೆ, ನಾನು ಕಾಫಿಯ ಕಲೆ ಅಂದುಕೊಂಡಿದ್ದ ದುಂಡನೆಯ ಗುರುತು
ಕಲೆಯಲ್ಲ. ಸೊನ್ನೆ.
ಅದರ ಮುಂದೆ ಅವನ ಹೆಸರು.

ಆ ವಿದ್ಯೆಯಲ್ಲಿ ಎಣಿಕೆ ಸೊನ್ನೆಯಿಂದಂತೆ.
ಕುಪ್ಕಾ ಒಪ್ಪಲಿಲ್ಲ. "ಸೊನ್ನೆ ಅಂದರೆ ಏನೂ ಇಲ್ಲ ಅಂತ ಅಲ್ವೇನೋ?"
ಹುಡುಗ ನೆಲ ನೋಡಿಕೊಂಡೇ ಹೇಳಿದ:
ಅಮ್ಮ ಬಸ್ಸು ಓಡಿಸುತ್ತಾಳೆ. ರಾತ್ರಿ ಅದು ನಮ್ಮ ಅಂಗಳದಲ್ಲೇ ನಿಲ್ಲುತ್ತದೆ.
ಒಂದನೇ ಸ್ಟಾಪು ಟಾನ್‌ಬರ್ಗರ ಮನೆ, ಹನ್ನೊಂದು ಮೈಲಿ ಆಚೆ.
ಅಲ್ಲಿಗೆ ಬಸ್ಸು ಬರುವಾಗ
ಒಳಗೆ ನಾನಿರುತ್ತೇನೆ, ಸರ್.

ಯಾರೂ ಮಾತಾಡಲಿಲ್ಲ. ಜೆರಾಕ್ಸ್ ಯಂತ್ರ
ತನ್ನಷ್ಟಕ್ಕೆ ಬಿಸಿಯಾಗುತ್ತಿತ್ತು.
ಕುಪ್ಕಾ ಬೆರಳು ಮಡಚಿ ಎಣಿಸಿದರು, ಮತ್ತೆ ಎಣಿಸಿದರು,
ಎರಡನೇ ಸಲ ಮೊದಲ ಬೆರಳಿಗೆ ಮುಂಚೆ
ಒಂದು ಕ್ಷಣ ತಡೆದು.
ಕೆಂಪು ಗೀಟು ಅಳಿಸುವಂಥದ್ದಲ್ಲ.
ಅದರ ಪಕ್ಕದಲ್ಲೇ ಸಹಿ ಹಾಕಿದರು.

ಈಗ ಜನವರಿ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ;
ಅಷ್ಟು ಕೆಳಗೂ ಊರಿದೆ, ಹೊಗೆಯಾಡುವ ಮನೆಗಳಿವೆ.
ಎಂಟು ಮಂದಿ ಸೇರಿ, ಹಿಮ ಬಿದ್ದ ದಿನ
ಬಸ್ಸು ಎಷ್ಟು ತಡವೆಂದು ಹೇಳುವ ಪ್ರೋಗ್ರಾಮು ಬರೆಯುತ್ತಿದ್ದಾರೆ.
ನಿನ್ನೆ ಅದು, ಬಸ್ಸು ಮೊನ್ನೆಯೇ ಬಂದಾಗಿದೆ ಎಂದಿತು.
ಲೋರ್ನಾ ನಕ್ಕ ಸದ್ದು ಕಚೇರಿವರೆಗೂ ಕೇಳಿತು.
ಲೀಲ್ಯಾಂಡನ ತಲೆಗೆ ಬೀಜಗಣಿತ ಇನ್ನೂ ಹತ್ತಿಲ್ಲ.

ಜಿಲ್ಲೆಯವರ ಹಾಜರಿ ತಂತ್ರಾಂಶ
ಸೊನ್ನೆಯಿಂದ ಶುರುಮಾಡಲು ಬಿಡುವುದಿಲ್ಲ.
ಅಚ್ಚು ತೆಗೆದು, ಪೆನ್ನಿನಿಂದ ತಿದ್ದುತ್ತೇನೆ,
ಎಂಟೂ ಸಾಲು.
ಹಾಗೆ ಮಾಡು ಎಂದು ಯಾರೂ ಹೇಳಿಲ್ಲ.